ಚೀಟಿ ಇಲ್ಲದ ತಬಕಡಿ

ಬೋಣಿಯ ಗಿರಾಕಿಗೆ ಇಲ್ಲ ಅನ್ನಬಾರದು. ಇದು ಗುರುಲಿಂಗಪ್ಪನ ಅಂಗಡಿಯ ಕಟ್ಟಳೆ. ಬೆಳಿಗ್ಗೆ ಬಾಗಿಲು ತೆಗೆದು, ಕಸ ಹೊಡೆದು, ನೀರು ಚಿಮುಕಿಸಿ, ಊದಿನಕಡ್ಡಿ ಹಚ್ಚಿದ ಮೇಲೆ ಮೊದಲು ಮೆಟ್ಟಿಲು ಹತ್ತಿದವನು ಯಾವ ವಸ್ತುವಿನ ಮೇಲೆ ಕೈಯಿಟ್ಟನೋ ಅದನ್ನು ಕೊಟ್ಟೇ ಕಳಿಸಬೇಕು. ದರದಲ್ಲಿ ತುಸು ಸೋತರೂ ಚಿಂತೆಯಿಲ್ಲ, ಅವನು ಬರಿಗೈಯಲ್ಲಿ ಇಳಿದು ಹೋಗಬಾರದು. ಭಾಲ್ಕಿಯಿಂದ ಬಂದು ಔರಂಗಾಬಾದಿನ ಜುನಾ ಬಜಾರಿನಲ್ಲಿ ಹಳೆಯ ತಾಮ್ರ-ಹಿತ್ತಾಳೆ ಸಾಮಾನಿನ ಅಂಗಡಿ ಇಟ್ಟ ಅವನ ಅಪ್ಪನೂ ಹೀಗೇ ನಡೆಸಿದ್ದ. ಊರಿನ ಹೆಸರು ಈಗ ಛತ್ರಪತಿ ಸಂಭಾಜಿನಗರ. ಈ ಸಂಗತಿ ನಡೆದಾಗ ಔರಂಗಾಬಾದ್.

ಕಟ್ಟಳೆ ರಘೋತ್ತಮನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಅವನು 1988ರ ನವೆಂಬರಿನ ಒಂದು ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಫಿನ್ಲೆಂಡಿನ ಕಿಮ್ಮೊ ಎಂಬ ತರುಣನನ್ನು ಆ ಮೆಟ್ಟಿಲು ಹತ್ತಿಸಿದ. ಮುಂದೆ ಎಂಟು ವರ್ಷ ಅವನನ್ನು ಚುಚ್ಚಿದ್ದು ಇದೇ.

ರಘೋತ್ತಮ ಧಾರವಾಡದವನು, ಬ್ಯಾಂಕ್ ಅಧಿಕಾರಿ. ಔರಂಗಾಬಾದಿನ ಚಿಕಲಠಾಣಾ ಶಾಖೆಯಲ್ಲಿ ನಾಲ್ಕು ವರ್ಷ ಕಳೆದು 1987ರಲ್ಲಿ ನಾಸಿಕದ ಸಾತಪುರ ಶಾಖೆಗೆ ವರ್ಗವಾಗಿ ಬಂದಿದ್ದ. ಅವನಿಗಿದ್ದ ಒಂದೇ ಹವ್ಯಾಸ ಗ್ರಾಮಫೋನ್ ರೆಕಾರ್ಡು. ಇನ್ನೂರ ಹನ್ನೆರಡು ಇದ್ದವು. ಪ್ರತಿಯೊಂದರ ಕಂಪನಿ, ನಂಬರು, ಹಾಡಿದವರು, ಕೊಂಡ ತಾರೀಖು, ಕೊಟ್ಟವರ ಹೆಸರು ಎಲ್ಲವನ್ನೂ ಒಂದು ರಿಜಿಸ್ಟರಿನಲ್ಲಿ ಬರೆದಿಟ್ಟಿದ್ದ. ಅವನ ಹೆಂಡತಿ ಗೋದಾವರಿ ಬಂದವರ ಮುಂದೆ ಹೇಳುತ್ತಿದ್ದಳು, ಲಗ್ನದ ತಾರೀಖು ಕೇಳಿದರೆ ಇವರು ತಡವರಿಸುತ್ತಾರೆ, ಪ್ಲೇಟಿನ ನಂಬರು ಕೇಳಿ ನೋಡಿ ಎಂದು.

ಅವರ ಮನೆಯ ಸಾಲಿನಲ್ಲೇ ಒಂದು ಕಾರ್ಖಾನೆಯ ಅತಿಥಿಗೃಹವಿತ್ತು. ಫಿನ್ಲೆಂಡಿನಿಂದ ತರಿಸಿದ ಯಂತ್ರವೊಂದನ್ನು ಜೋಡಿಸಿ ಓಡಿಸಿ ಕೊಡಲು ಐದು ತಿಂಗಳ ಮಟ್ಟಿಗೆ ಬಂದ ಕಿಮ್ಮೊ ಅಲ್ಲಿದ್ದ. ಇಪ್ಪತ್ತೆರಡರ ವಯಸ್ಸು, ಬಿಳಿ ಹುಬ್ಬು, ಬಿಸಿಲಿಗೆ ಕೆಂಪಾದ ಮೂಗು. ಒಂದು ಭಾನುವಾರ ರಘೋತ್ತಮ ರೆಕಾರ್ಡು ಹಚ್ಚಿದಾಗ ಅವನು ಗೇಟಿನ ಹೊರಗೆ ನಿಂತು ಕೇಳುತ್ತಿದ್ದ. ಹಾಡು ಮುಗಿಯುವವರೆಗೂ ಅವನ ಮುಖದಲ್ಲಿ ಏನೂ ಇರಲಿಲ್ಲ. ನಡುವೆ ಒಂದೆಡೆ ಗಾಯಕಿ ಉಸಿರು ತೆಗೆದುಕೊಂಡು, ಉಳಿದೆಲ್ಲ ವಾದ್ಯ ನಿಂತು, ತಬಲಾ ಒಂಟಿಯಾಗಿ ನಾಲ್ಕು ಕ್ಷಣ ನುಡಿಯಿತು. ಆಗ ಮಾತ್ರ ಅವನು ಬೆರಳೆತ್ತಿದ. ಒಳಗೆ ಕರೆದರೆ ಬಂದು, ಅಷ್ಟನ್ನು ಮತ್ತೊಮ್ಮೆ ಹಚ್ಚುತ್ತೀರಾ ಎಂದು ಕೇಳಿದ. ಹಚ್ಚಿದ್ದಾಯಿತು. ಮತ್ತೊಮ್ಮೆ ಎಂದ.

ನೀನೂ ಸಂಗೀತಗಾರನೇ ಎಂದು ರಘೋತ್ತಮ ಇಂಗ್ಲಿಷಿನಲ್ಲಿ ಕೇಳಿದ. ಹೌದು ಎಂದ ಕಿಮ್ಮೊ. ಏನು ನುಡಿಸುತ್ತೀ ಎಂದರೆ, ರೆಕಾರ್ಡು ನುಡಿಸುತ್ತೇನೆ ಎಂದ. ತಮ್ಮಿಬ್ಬರಲ್ಲಿ ಯಾರದೋ ಇಂಗ್ಲಿಷು ಕೈಕೊಟ್ಟಿತು ಅಂದುಕೊಂಡ ರಘೋತ್ತಮ ಪ್ರಶ್ನೆಯನ್ನು ತಿರುಗಿಸಿ ಕೇಳಿದ. ಉತ್ತರ ಬದಲಾಗಲಿಲ್ಲ.

ವಿವರ ತಿಳಿಯಲು ಮೂರು ಭಾನುವಾರ ಹಿಡಿಯಿತು. ಅಮೆರಿಕದ ಹುಡುಗರು ಶುರುಮಾಡಿದ ಹಿಪ್ ಹಾಪ್ ಎಂಬ ಸಂಗೀತ ನಾಲ್ಕೈದು ವರ್ಷದ ಹಿಂದೆ ಫಿನ್ಲೆಂಡಿಗೂ ಬಂದಿತ್ತು. ಅದರಲ್ಲಿ ಡಿಜೆ ಎಂಬವನು ಎರಡು ಪ್ಲೇಯರುಗಳ ಮೇಲೆ ಒಂದೇ ಹಾಡಿನ ಎರಡು ಪ್ರತಿ ಇಟ್ಟು, ತಾಳವಾದ್ಯ ಒಂದೇ ಉಳಿಯುವ ಜಾಗವನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತ ಎಷ್ಟು ಹೊತ್ತು ಬೇಕಾದರೂ ಎಳೆಯುತ್ತಾನೆ. ಆ ತಾಳದ ಮೇಲೆ ಇನ್ನೊಬ್ಬ ನಿಂತು ಪ್ರಾಸ ಕಟ್ಟಿ ಮಾತು ಹೇಳುತ್ತಾನೆ. ಕಿಮ್ಮೊ ಹೆಲ್ಸಿಂಕಿಯಲ್ಲಿ ವಾರದ ದಿನಗಳಲ್ಲಿ ಫಿಟ್ಟರ್, ಶನಿವಾರ ಡಿಜೆ. ಅವನಿಗೆ ಬೇಕಾದದ್ದು ಹಾಡಲ್ಲ, ಹಾಡು ನಿಂತ ಜಾಗ. ಅದೂ ಊರಿನ ಬೇರೆ ಯಾವ ಡಿಜೆಯ ಹತ್ತಿರವೂ ಇಲ್ಲದ್ದು.

ಜಾಗ ಸರಿಯಾಗಿ ಸಿಗಲು ರೆಕಾರ್ಡಿನ ನಡುವಣ ಕಾಗದದ ಚೀಟಿಯ ಮೇಲೆ ಗುರುತು ಬೇಕಿತ್ತು. ಕಿಮ್ಮೊ ಅತ್ತಿತ್ತ ನೋಡಿದ. ಕನ್ನಡಿಯ ಅಂಚಿಗೆ ಗೋದಾವರಿ ಅಂಟಿಸಿದ್ದ, ಹಣೆಗಿಡುವ ಟಿಕಲಿ ಕಾಣಿಸಿತು. ಕಿತ್ತು ತಂದು ಚೀಟಿಯ ಮೇಲೆ ಹಚ್ಚಿದ. ಟಿಕಲಿ ಸೂಜಿಯ ನೇರಕ್ಕೆ ಬಂದಾಗ ತಬಲಾದ ಮೊದಲ ಪೆಟ್ಟು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಗೋದಾವರಿ, ಇನ್ನು ಮೇಲೆ ಪ್ಲೇಟುಗಳಿಗೂ ಅರಿಶಿನ-ಕುಂಕುಮಕ್ಕೆ ಕರೆಯಬೇಕಾಯಿತು ಎಂದಳು. ಮರುದಿನ ಅವನಿಗೆ ಒಂದು ಪೂರ್ತಿ ಪಾಕೀಟು ತರಿಸಿಕೊಟ್ಟಳು, ಕಡುಗೆಂಪು ಬಣ್ಣದ್ದು.

ಹಳೆಯ ರೆಕಾರ್ಡು ಎಲ್ಲಿ ಸಿಗುತ್ತವೆ ಎಂದು ಕಿಮ್ಮೊ ಕೇಳಿದಾಗ ರಘೋತ್ತಮನಿಗೆ, ಔರಂಗಾಬಾದಿನಲ್ಲಿದ್ದಾಗ ತಾನು ರೆಕಾರ್ಡು ಕೊಳ್ಳುತ್ತಿದ್ದ ಗುರುಲಿಂಗಪ್ಪ ನೆನಪಾದ. ಹಳೆಯ ಮನೆಗಳ ಪಾತ್ರೆ-ಪಗಡದ ಜೊತೆ ರೆಕಾರ್ಡುಗಳೂ ಅಲ್ಲಿಗೆ ಬರುತ್ತಿದ್ದವು. ಶನಿವಾರ ಬ್ಯಾಂಕು ಮಧ್ಯಾಹ್ನಕ್ಕೆ ಮುಗಿದ ಮೇಲೆ ಇಬ್ಬರೂ ಎಸ್‌ಟಿ ಬಸ್ಸು ಹಿಡಿದು ಯೇವಲಾ, ವೈಜಾಪುರದ ಮೇಲೆ ಔರಂಗಾಬಾದಿಗೆ ಬಂದು ಸ್ಟೇಷನ್ ಬಳಿಯ ಲಾಡ್ಜಿನಲ್ಲಿ ಉಳಿದರು. ಬೆಳಿಗ್ಗೆ ಬೇಗ ಏಳು ಎಂದ ರಘೋತ್ತಮ. ಮೊದಲ ಗಿರಾಕಿಯಾಗಿ ಹೋದರೆ ಅವನು ಯಾವುದಕ್ಕೂ ಇಲ್ಲ ಅನ್ನುವುದಿಲ್ಲ ಎಂದು ವಿವರಿಸಿದ. ತನ್ನ ಈ ಜಾಣತನಕ್ಕೆ ಅವನಿಗೆ ತುಸು ಹೆಮ್ಮೆಯೂ ಆಗಿತ್ತು.

ಅಂಗಡಿಯಲ್ಲಿ ಕಿಮ್ಮೊ ಒಂದು ರೆಕಾರ್ಡನ್ನೂ ಹಚ್ಚಿ ಕೇಳಲಿಲ್ಲ. ಒಂದೊಂದನ್ನೇ ಲಕೋಟೆಯಿಂದ ತೆಗೆದು ಬಿಸಿಲಿಗೆ ಓರೆಯಾಗಿ ಹಿಡಿದ. ಎಲ್ಲ ವಾದ್ಯ ಕೂಡಿ ಮೊಳಗುವ ಕಡೆ ಗೀರು ಮಬ್ಬಾಗಿ ಕಾಣುತ್ತದೆ, ಒಂದೇ ವಾದ್ಯ ಉಳಿದ ಕಡೆ ಕಪ್ಪಗೆ ಹೊಳೆಯುತ್ತದೆ ಎಂದು ರಘೋತ್ತಮನಿಗೆ ತೋರಿಸಿದ. ಇಪ್ಪತ್ತು ವರ್ಷದಿಂದ ರೆಕಾರ್ಡು ಕೇಳಿದ ರಘೋತ್ತಮ ಅಂದು ಮೊದಲ ಸಲ ರೆಕಾರ್ಡು ನೋಡಿದ.

ನಲವತ್ತೆರಡು ಆರಿಸಿದ ಮೇಲೆ ಕಿಮ್ಮೊನ ಕಣ್ಣು ಗಲ್ಲಾಪೆಟ್ಟಿಗೆಯ ಮೇಲಿನ ಹಲಗೆಗೆ ಹೋಯಿತು. ಅಲ್ಲಿ ವೀರಭದ್ರನ ಪಟದ ಹಿಂದೆ ಒಂದು ಚಿಕ್ಕ ರೆಕಾರ್ಡು ನಿಲ್ಲಿಸಿತ್ತು. ಅವನು ಕೈಚಾಚಿ ತೆಗೆದು ಬಿಸಿಲಿಗೆ ಹಿಡಿದ. ಮಬ್ಬು, ಕಪ್ಪು, ಮಬ್ಬು, ಕಪ್ಪು, ಸೀರೆಯ ಪಟ್ಟಿಯ ಹಾಗೆ ಆರು ಸಲ. ಇದು ಬೇಕು ಎಂದ.

ಗುರುಲಿಂಗಪ್ಪ ರಘೋತ್ತಮನ ಮುಖ ನೋಡಿದ. ಆ ನೋಟದಲ್ಲಿ ಏನೋ ಇತ್ತೆಂದು ರಘೋತ್ತಮನಿಗೆ ಆಗಲೇ ಹೊಳೆದಿತ್ತು. ಚೀಟಿಯ ಮೇಲೆ ‘ವೀರಭದ್ರನ ಒಡಪು’ ಎಂದು ಓದಿದ ಅವನಿಗೆ, ವೀರಭದ್ರನ ಪುರವಂತರು ಕುಣಿಯುತ್ತ ಹೇಳುವ ಒಡಪಿನಲ್ಲಿ ಈ ಹುಡುಗನಿಗೆ ಏನು ಕಂಡಿತು ಎಂಬ ಕುತೂಹಲವೇ ಹೆಚ್ಚಾಗಿತ್ತು. ಅವನು ಸುಮ್ಮನಿದ್ದ.

“ಬೋಣಿ ಅದರಿ ಸಾಹೇಬ್ರ, ಏನ್ ಮಾಡೂದು,” ಎಂದ ಗುರುಲಿಂಗಪ್ಪ, ಮತ್ತು ಅದನ್ನೂ ಹಳೆಯ ಪೇಪರಿನಲ್ಲಿ ಸುತ್ತಿ ಕೊಟ್ಟ.

ನಾಸಿಕಕ್ಕೆ ಮರಳಿದ ಮೇಲೆ ನಡೆದದ್ದು ರಘೋತ್ತಮನಿಗೆ ಇನ್ನೂ ವಿಚಿತ್ರವಾಗಿ ಕಂಡಿತು. ಕಿಮ್ಮೊ ಗೋದಾವರಿಯಿಂದ ಅಗಲ ತಟ್ಟೆಯಂಥ ಒಂದು ಪರಾತ ಇಸಿದುಕೊಂಡು, ಬೆಚ್ಚನೆಯ ನೀರು ತುಂಬಿ, ರೆಕಾರ್ಡುಗಳ ನಡುಭಾಗವನ್ನು ನೆನೆಸಿ ಎರಡೂ ಬದಿಯ ಚೀಟಿಗಳನ್ನು ಎಬ್ಬಿಸತೊಡಗಿದ. ಕಂಪನಿಯ ಹೆಸರು, ಗಾಯಕರ ಹೆಸರು, ನಂಬರು, ಎಲ್ಲ ನೀರಿನಲ್ಲಿ ತೇಲಿದವು. ತಡೆಯಲು ಹೋದ ರಘೋತ್ತಮನಿಗೆ ಅವನು ತನ್ನ ಕಸುಬಿನ ರೀತಿ ಹೇಳಿದ. ಡಿಜೆ ನುಡಿಸುವಾಗ ಎದುರಾಳಿಗಳು ಬೆನ್ನ ಹಿಂದಿನಿಂದ ಇಣುಕಿ ಚೀಟಿ ಓದುತ್ತಾರೆ, ಮರುದಿನ ಅದೇ ರೆಕಾರ್ಡು ಹುಡುಕಿ ತರುತ್ತಾರೆ. ಚೀಟಿಯೇ ಇಲ್ಲದಿದ್ದರೆ ಯಾರ ತಾಳವೆಂದು ಯಾರಿಗೂ ಗೊತ್ತಾಗದು. ಅಮೆರಿಕದಲ್ಲಿ ಹಿರಿಯ ಡಿಜೆಗಳು ಹೀಗೇ ಮಾಡಿದ್ದರಂತೆ.

ರಘೋತ್ತಮ ತೇಲುವ ಚೀಟಿಗಳನ್ನು ಆರಿಸಿ, ಪೇಪರಿನ ಹಾಳೆಗಳ ನಡುವೆ ಒಣಗಿಸಿ, ನಲವತ್ತಮೂರು ರೆಕಾರ್ಡಿನ ಎಂಬತ್ತಾರು ಚೀಟಿಗಳನ್ನೂ ತನ್ನ ರಿಜಿಸ್ಟರಿನಲ್ಲಿ ಅಂಟಿಸಿದ. ಕಿಮ್ಮೊ ನಕ್ಕ. ಬೋಳಾದ ರೆಕಾರ್ಡುಗಳಿಗೆ ಒಂದೊಂದು ಟಿಕಲಿ ಹಚ್ಚಿ, ಪೆಟ್ಟಿಗೆ ಕಟ್ಟಿ, 1989ರ ಜನವರಿ 12ರಂದು ವಿಮಾನ ಹತ್ತಿದ.

ಜನವರಿ 16, ಸೋಮವಾರ. ಸಾತಪುರ ಶಾಖೆಯ ಬಾಗಿಲು ತೆಗೆದ ಹತ್ತು ನಿಮಿಷಕ್ಕೆ ಗುರುಲಿಂಗಪ್ಪನ ಹೆಂಡತಿ ಚನ್ನಮ್ಮ ರಘೋತ್ತಮನ ಮೇಜಿನ ಮುಂದೆ ಬಂದು ನಿಂತಳು. ನಸುಕಿನ ಬಸ್ಸಿನಲ್ಲಿ ಒಬ್ಬಳೇ ಬಂದಿದ್ದಳು.

“ಸಾಹೇಬ್ರ, ಆ ಬಿಳೀ ಹುಡುಗ ಎಲ್ಲಿ ಅದಾನ?”

ಹೋಗಿ ನಾಲ್ಕು ದಿನವಾಯಿತು ಎಂದ ಮೇಲೆ ಅವಳು ಬೆಂಚಿನ ಮೇಲೆ ಕುಳಿತಳು. ಎಷ್ಟು ದೂರ ಎಂದು ಕೇಳಿದಳು. ಸುಮಾರು ಆರು ಸಾವಿರ ಕಿಲೋಮೀಟರ್ ಎಂದು ರಘೋತ್ತಮ ಹೇಳಿದ. ಅವನ ಬಾಯಿಂದ ಬಂದದ್ದು ಸರಿಯಾದ ಅಂಕಿಯೇ ಆದರೂ ಹೇಳಬಾರದಿತ್ತು ಅನಿಸಿತು.

ಅವಳು ಹೇಳಿದ್ದು ಇಷ್ಟು. ಆ ರೆಕಾರ್ಡಿನಲ್ಲಿ ಸಂಬಾಳ ಬಾರಿಸಿದವನು ಅವಳ ಅಪ್ಪ ಭುಜಂಗ. ಎರಡು ಚಿಕ್ಕ ನಗಾರಿಗಳನ್ನು ಜೋಡಿಸಿ ಸೊಂಟಕ್ಕೆ ಕಟ್ಟಿಕೊಂಡು, ಒಂದು ನೇರ ಕೋಲು, ಒಂದು ತುದಿ ಬಾಗಿದ ಕೋಲಿನಿಂದ ಬಾರಿಸುವುದು ಸಂಬಾಳ. ಪುರವಂತ ಒಂದು ಒಡಪು ಹೇಳಿ ನಿಲ್ಲುತ್ತಾನೆ, ಸಂಬಾಳ ಮೊಳಗುತ್ತದೆ, ಅದು ನಿಂತರೆ ಇನ್ನೊಂದು ಒಡಪು. 1966ರಲ್ಲಿ ಮುಂಬೈಯ ಸಣ್ಣ ಕಂಪನಿಯೊಂದು ಭಾಲ್ಕಿಯ ಮೇಳವನ್ನು ಕರೆಸಿ ಮುದ್ರಿಸಿಕೊಂಡಿತ್ತು. ಕಂಪನಿ ಮುಚ್ಚಿಹೋಯಿತು. ಭುಜಂಗ 1971ರ ಸಂಕ್ರಾಂತಿಯ ದಿನ ತೀರಿಕೊಂಡ. ಒಂದು ಫೋಟೋ ಕೂಡ ಇಲ್ಲ. ವರ್ಷಕ್ಕೊಮ್ಮೆ ಸಂಕ್ರಾಂತಿಗೆ ಅವಳು ಆ ರೆಕಾರ್ಡು ತೆಗೆದು ಹಚ್ಚುತ್ತಿದ್ದಳು. ಈ ಸಲ ಪಟದ ಹಿಂದೆ ಕೈಹಾಕಿದರೆ ಬರೀ ಗೋಡೆ. ಎರಡು ತಿಂಗಳು ಬಾಯಿ ಬಿಡದಿದ್ದ ಗುರುಲಿಂಗಪ್ಪ ಆಗ ಹೇಳಿದ.

ಊಟದ ಬಿಡುವಿನಲ್ಲಿ ರಘೋತ್ತಮ ಅವಳನ್ನು ಮನೆಗೆ ಕರೆದೊಯ್ದು ರಿಜಿಸ್ಟರು ತೆಗೆದು ತೋರಿಸಿದ. ಕುಂಕುಮ ಬಣ್ಣದ ಚೀಟಿ ಜೋಪಾನವಾಗಿತ್ತು. ಮುಖ್ಯ ಪುರವಂತನ ಹೆಸರು, ಇಬ್ಬರು ಹಿಮ್ಮೇಳದವರ ಹೆಸರು, ಕಂಪನಿ, ನಂಬರು. ಭುಜಂಗನ ಹೆಸರಿರಲಿಲ್ಲ.

“ಇದನ್ನ ತಗೊಂಡು ನಾ ಏನ್ ಮಾಡ್ಲಿ?” ಎಂದಳು ಚನ್ನಮ್ಮ. “ನಮ್ಮಪ್ಪ ಚೀಟ್ಯಾಗ ಇಲ್ರಿ. ತಬಕಡ್ಯಾಗ ಅದಾನ.” ರೆಕಾರ್ಡಿಗೆ ಅವಳು ಮರಾಠಿಯವರಂತೆ ತಬಕಡಿ ಅನ್ನುತ್ತಿದ್ದಳು. ಚೀಟಿಯ ಮೇಲಿನಿಂದ ಬೆರಳು ತೆಗೆದು ಅವನನ್ನು ನೋಡಿದಳು. “ಅಷ್ಟ್ ಮುಂಜಾನೆದ್ದು ಬರೂದು ಯಾರ ವಿಚಾರ ಇತ್ತು?”

“ನಂದ.”

“ನಿಮಗ ನಮ್ಮ ಬೋಣಿ ಗೊತ್ತಿತ್ತು.”

“ಗೊತ್ತಿತ್ತು.”

ಅವಳು ಬೈಯಲಿಲ್ಲ. ಗೋದಾವರಿ ಕೊಟ್ಟ ಎಳ್ಳುಬೆಲ್ಲ, ಕುಂಕುಮ ತೆಗೆದುಕೊಂಡು ಬಸ್‌ಸ್ಟ್ಯಾಂಡಿಗೆ ನಡೆದಳು. ಬೈದಿದ್ದರೆ ಚೆನ್ನಾಗಿತ್ತು ಎಂದು ರಘೋತ್ತಮ ಆಮೇಲೆ ಬಹಳ ಸಲ ಅಂದುಕೊಂಡ.

ಕಿಮ್ಮೊ ಬರೆದುಕೊಟ್ಟಿದ್ದ ವಿಳಾಸಕ್ಕೆ ಅಂದೇ ಪತ್ರ ಹೋಯಿತು. ಏಪ್ರಿಲಿನಲ್ಲಿ ಅದು ಯಾವುದೋ ಭಾಷೆಯ ಮೊಹರು ಹೊತ್ತು ವಾಪಸು ಬಂತು. ಎರಡನೆಯದೂ ಹಾಗೇ. ಅವನ ಕಂಪನಿಗೆ ಬರೆದದ್ದಕ್ಕೆ ಉತ್ತರವೇ ಇಲ್ಲ. ಜುನಾ ಬಜಾರಿನಲ್ಲಿ ಮಾತ್ರ ಒಂದು ಬದಲಾವಣೆಯಾಯಿತೆಂದು ಹೋಗಿಬಂದವರು ಹೇಳುತ್ತಿದ್ದರು: ಬೆಳಿಗ್ಗೆ ಬೋಣಿ ಆಗುವವರೆಗೆ ಈಗ ಚನ್ನಮ್ಮನೇ ಅಂಗಡಿಯಲ್ಲಿ ಕೂರುತ್ತಾಳೆ, ಗುರುಲಿಂಗಪ್ಪನನ್ನು ಗಲ್ಲಾಪೆಟ್ಟಿಗೆಯ ಹತ್ತಿರ ಬಿಡುವುದಿಲ್ಲ.

1994ರಲ್ಲಿ ರಘೋತ್ತಮನಿಗೆ ಮತ್ತೆ ಚಿಕಲಠಾಣಾಕ್ಕೆ ವರ್ಗವಾಯಿತು. ಎರಡು ವರ್ಷ ಅದೇ ಊರಿನಲ್ಲಿದ್ದೂ ಅವನು ಜುನಾ ಬಜಾರು ತಪ್ಪಿಸಿ ಸುತ್ತುಹಾಕಿ ಓಡಾಡಿದ.

1996ರ ಸೆಪ್ಟೆಂಬರಿನಲ್ಲಿ ಸಾತಪುರ ಶಾಖೆಯಿಂದ ತಿರುಗಿಸಿ ಕಳಿಸಿದ ಒಂದು ಲಕೋಟೆ ಬಂತು. ಒಳಗೆ ಒಂದು ಕ್ಯಾಸೆಟ್ಟು, ನಾಲ್ಕು ಪುಟದ ಪತ್ರ. ಮೇಲೆ ಫಿನ್ಲೆಂಡಿನ ಅಂಚೆಚೀಟಿ, ಮೂಲೆಯಲ್ಲಿ ಒಂದು ಕಡುಗೆಂಪು ಟಿಕಲಿ.

ಎಂಟು ವರ್ಷದ ಕಥೆಯನ್ನು ಕಿಮ್ಮೊ ಒಂದೇ ಉಸಿರಿಗೆ ಬರೆದಿದ್ದ. ನಾಸಿಕದಿಂದ ಹೋದೊಡನೆ ಕಡ್ಡಾಯದ ಸೈನ್ಯಸೇವೆಗೆ ಹನ್ನೊಂದು ತಿಂಗಳು ಸೇರಬೇಕಾಯಿತು, ಬಾಡಿಗೆ ಮನೆ ಬಿಟ್ಟ. 1990ರಲ್ಲಿ ದೇಶದ ಡಿಜೆಗಳ ಸ್ಪರ್ಧೆಯಲ್ಲಿ ಎರಡನೆಯ ಸ್ಥಾನ ಬಂತು. ಮರುವರ್ಷ ಫಿನ್ಲೆಂಡಿನ ಉದ್ಯಮಗಳು ಕುಸಿದವು, ಫಿಟ್ಟರ್ ಕೆಲಸ ಹೋಯಿತು. ಶನಿವಾರದ ಕಸುಬೇ ವಾರದ ಕಸುಬಾಯಿತು. ಒಂದು ರೇಡಿಯೊದಲ್ಲಿ ವಾರಕ್ಕೊಂದು ಗಂಟೆ ಸಿಕ್ಕಿತು. ತಮ್ಮ ಭಾಷೆಯಲ್ಲೇ ಪ್ರಾಸ ಕಟ್ಟುವ ಹುಡುಗರಿಗೆ ತಾಳ ಮಾಡಿಕೊಡತೊಡಗಿದ. ಫಿನ್ನಿಶ್ ಪದಗಳು ಉದ್ದ, ಆ ಭಾಷೆಯಲ್ಲಿ ಇದೆಲ್ಲ ಹಾಸ್ಯಕ್ಕೆ ಮಾತ್ರ ಸರಿ ಎಂದು ಜನ ನಕ್ಕರಂತೆ. ಅವನು ಬಿಡಲಿಲ್ಲ. ಈಗ ಅವನಿಗೆ ಸ್ವಂತದ ಸಣ್ಣ ಸ್ಟುಡಿಯೊ ಇದೆ, ಧ್ವನಿಯ ತುಣುಕನ್ನು ಹಿಡಿದು ಬೇಕಾದಷ್ಟು ಸಲ ತಿರುಗಿಸುವ ಯಂತ್ರವಿದೆ. ಟಿಕಲಿ ಹಚ್ಚಿದ ರೆಕಾರ್ಡಿನ ಡಿಜೆ ಎಂದೇ ಅವನು ಜನಕ್ಕೆ ಗೊತ್ತು. ಅವನ ಸ್ವಂತ ಹೆಸರಿನ ಮೊದಲ ರೆಕಾರ್ಡು ಅಚ್ಚಿಗೆ ಸಿದ್ಧವಿದೆ. ಅದು ನಿಂತಿರುವುದು ಔರಂಗಾಬಾದಿನಿಂದ ಒಯ್ದ ಒಂದು ತಾಳದ ಮೇಲೆ.

ಈಗಿನ ಕಾಲದಲ್ಲಿ ಹಾಗೆ ತೆಗೆದುಕೊಂಡದ್ದರ ಮೂಲ ಹೇಳಬೇಕು. ಮೂಲ ಅವನಿಗೆ ಗೊತ್ತಿಲ್ಲ. ಅಳಿಸಿದವನು ಅವನೇ. “ಮುದ್ರಿಸಿದ ಕಂಪನಿಯ ಹೆಸರು ವಕೀಲರಿಗೆ ಬೇಕು,” ಎಂದು ಪತ್ರ ಮುಗಿದಿತ್ತು. “ಬಾರಿಸಿದವನ ಹೆಸರು ನನಗೆ ಬೇಕು. ನೀವು ನೀರಿನಿಂದ ಆರಿಸಿದ ಆ ಕಾಗದಗಳು ಇನ್ನೂ ಇವೆಯೆ?”

ರಘೋತ್ತಮನ ಮಗಳು ಅಲಕಾ ಆಗ ಕಾಲೇಜಿನಲ್ಲಿದ್ದಳು. ಅವಳೇ ಕ್ಯಾಸೆಟ್ಟು ಹಾಕಿದಳು. ನಾಲ್ಕು ಸೆಕೆಂಡಿನ ಸಂಬಾಳ, ಮತ್ತೆ ಅದೇ ನಾಲ್ಕು ಸೆಕೆಂಡು, ಮತ್ತೆ ಅದೇ. “ಪಪ್ಪಾ, ಮಸ್ತ್ ಲೂಪ್ ಅದ,” ಎಂದು ಅವಳು ತಲೆದೂಗಿದಳು. ರಘೋತ್ತಮ ತಲೆದೂಗಲಿಲ್ಲ. ಅಂದು ಕೊಂಡ ನಲವತ್ತಮೂರರಲ್ಲಿ ದೇವಿಯ ಹಾಡಿನ ಮೇಳವಾದ ಮರಾಠಿ ಗೋಂಧಳದ ರೆಕಾರ್ಡುಗಳೂ ಎರಡು ಇದ್ದವು, ಅವುಗಳಲ್ಲೂ ಸಂಬಾಳವಿತ್ತು. ಇದು ಯಾವುದು ಎಂದು ಅವನು ಹೇಳಲಾರ. ಹೇಳಬಲ್ಲವಳು ಒಬ್ಬಳೇ.

ಮರುದಿನ ಬೆಳಿಗ್ಗೆ ಎಂಟಕ್ಕೆ ಅವನು ಜುನಾ ಬಜಾರಿಗೆ ಹೋದ. ಚನ್ನಮ್ಮ ಊದಿನಕಡ್ಡಿ ಹಚ್ಚಿ ಆಗತಾನೆ ಕುಳಿತಿದ್ದಳು. ಅಂಗಡಿಗೆ ಒಬ್ಬ ಗಿರಾಕಿಯೂ ಬಂದಿರಲಿಲ್ಲ. ಈಗ ಮೆಟ್ಟಿಲು ಹತ್ತಿ ಅಪ್ಪನ ಹೆಸರು ಕಳಿಸಲು ಒಪ್ಪಿಗೆ ಕೇಳಿದರೆ ಅವಳು ಇಲ್ಲ ಅನ್ನುವಂತಿಲ್ಲ. ರಘೋತ್ತಮ ಎದುರಿನ ಚಹಾದ ಅಂಗಡಿಗೆ ಹೋಗಿ ನಿಂತ. ಮುಕ್ಕಾಲು ಗಂಟೆಯ ಮೇಲೆ ಒಬ್ಬ ಮುದುಕಿ ಬಂದು, ಹತ್ತು ಸೌಟು ತಿರುವಿ ಹಾಕಿ, ಒಂದನ್ನು ಕೊಂಡು ಹೋದಳು. ಆಮೇಲೆ ಅವನು ರಸ್ತೆ ದಾಟಿದ.

“ಮೂರು ಕಪ್ ಚಹಾ ಕುಡದ್ರಿ,” ಎಂದಳು ಚನ್ನಮ್ಮ, ಏಳು ವರ್ಷದ ಮೇಲೆ ನೋಡಿದ ಮನುಷ್ಯನಿಗೆ ಮೊದಲ ಮಾತಾಗಿ. “ಬೋಣಿ ಆಗೂತನಾ ನಿಂತ್ರಿ ಏನು?”

“ಹೌದ್ರಿ.”

ಅವಳು ಕೂರಲು ಒಂದು ಸ್ಟೂಲು ಸರಿಸಿದಳು. ಅವನು ಪತ್ರದಲ್ಲಿದ್ದದ್ದನ್ನೆಲ್ಲ, ಏನೂ ಬಿಡದೆ, ಹೇಳಿದ. ಗುರುಲಿಂಗಪ್ಪ ಒಳಗಿನಿಂದ ಟೇಪ್‌ರೆಕಾರ್ಡರ್ ತಂದಿಟ್ಟು ಬಾಗಿಲ ಚೌಕಟ್ಟಿಗೆ ಒರಗಿ ನಿಂತ. ಕ್ಯಾಸೆಟ್ಟು ತಿರುಗಿತು. ಚನ್ನಮ್ಮ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಕೆಳಗಿಡಲಿಲ್ಲ. ಮೂರು ನಿಮಿಷದ ತಾಳ ಪೂರ್ತಿ ಮುಗಿದ ಮೇಲೆ ಮತ್ತೊಮ್ಮೆ ಹಾಕಲು ಹೇಳಿದಳು.

“ಕಡೀಗೆ ಟಕ್ ಅಂತದ, ಕೇಳಿದ್ರಿಲ್ಲ? ನಿಲ್ಲಿಸೂಕಿಂತ ಮೊದ್ಲು ಅಪ್ಪ ಕೋಲು ಅಂಚಿಗೆ ಬಡೀತಿದ್ದ. ಇನ್ನ ನೀ ಹೇಳಪಾ ಅಂತ ಪುರವಂತಗ ಹೇಳೂದು ಅದು. ಟಕ್ ಅಂದ್ರ ಒಡಪು ಬರಬೇಕು.” ತಾಳ ಮತ್ತೆ ಮೊದಲಿಗೆ ಬಂತು. “ಇಲ್ಲಿ ಯಾರೂ ಹೇಳವಲ್ರು. ಅಪ್ಪ ಕೇಳೇ ಕೇಳಾಕತ್ಯಾನ.”

ಗುರುಲಿಂಗಪ್ಪ ಚೌಕಟ್ಟು ಬಿಟ್ಟು ಒಳಗೆ ಹೋದ.

ಹಾಗಾದರೆ ಹೆಸರು ಬರೆದು ಕಳಿಸಲೇ ಎಂದು ರಘೋತ್ತಮ ಕೇಳಿದ. ಅವಳು ಕ್ಯಾಸೆಟ್ಟು ತೆಗೆದು ಅವನ ಕೈಗಿಟ್ಟಳು.

“ಇಲ್ರಿ. ಬೋಣಿ ಆಗ್ಯದ, ಈಗ ಇಲ್ಲ ಅನ್ನಾಕ ಬರತದ. ಹೆಸರು ನನ್ನ ಹಂತ್ಯಾಕ ಅದ, ತಬಕಡಿ ಅವನ ಹಂತ್ಯಾಕ ಅದ. ಮೊದ್ಲು ತಬಕಡಿ ಬರ್ಲಿ.” ಅವನು ಏಳುವಾಗ ಇನ್ನೊಂದು ಮಾತು ಸೇರಿಸಿದಳು. “ಅದು ಬಂದ ದಿನ ಬೋಣಿ-ಗೀಣಿ ನೋಡಬ್ಯಾಡ್ರಿ. ಸೀದಾ ಬರ್ರಿ.”

ರಘೋತ್ತಮ ಬರೆದ ಉತ್ತರದಲ್ಲಿ ಚನ್ನಮ್ಮನ ಷರತ್ತಿನ ಜೊತೆ ತನ್ನದೂ ಒಂದಿತ್ತು. ರೆಕಾರ್ಡಿನ ಚೀಟಿ ತೊಳೆಯಬಹುದು, ಗೀರು ಮುಗಿದು ಚೀಟಿ ಶುರುವಾಗುವ ನಡುವಿನ ನುಣುಪು ಪಟ್ಟಿಯಲ್ಲಿ ಕಾರ್ಖಾನೆಯವರು ಕೊರೆದ ನಂಬರು ತೊಳೆಯಲು ಬರುವುದಿಲ್ಲ. ಅದೇ ನಂಬರು ಚೀಟಿಯ ಮೇಲೂ ಇರುತ್ತದೆ. ಭೂತಗನ್ನಡಿ ಹಿಡಿದು ಆ ನಂಬರು ಓದಿ ನನಗೆ ಬರೆ ಎಂದ. ಚೀಟಿಯಲ್ಲಿರುವುದೇನು ಎಂದು ತಾನು ಹೇಳಲಿಲ್ಲ. ಬ್ಯಾಂಕಿನಲ್ಲಿ ಸಹಿ ತಾಳೆ ನೋಡುವಾಗ ಮಾದರಿ ಸಹಿಯನ್ನು ಗಿರಾಕಿಗೆ ತೋರಿಸುವುದಿಲ್ಲ.

ನವೆಂಬರಿನಲ್ಲಿ ಉತ್ತರ ಬಂತು: ಎರಡು ಬದಿಯ ಎರಡು ನಂಬರು, ನಾಲ್ಕು ಒಂದು ಒಂದು ಏಳು, ನಾಲ್ಕು ಒಂದು ಒಂದು ಎಂಟು. ರಿಜಿಸ್ಟರಿನ ಎಪ್ಪತ್ತೊಂದನೆಯ ಪುಟ ತೆಗೆದು ಕುಂಕುಮ ಬಣ್ಣದ ಚೀಟಿಗಳ ಮೇಲೆ ಬೆರಳಿಟ್ಟು ಓದಿದ. ಅವೇ. ಅಂದೇ ಕಂಪನಿಯ ಹೆಸರು ಬರೆದು ಕಳಿಸಿದ. ಚನ್ನಮ್ಮನಿಗೆ ತಿಳಿಸಲು ಹೋದರೆ ಅವಳು, ನಂಬರು ಬೇಕಾದದ್ದು ನಿಮಗೆ, ನನಗಲ್ಲ ಎಂದಳು. 1997ರ ಸಂಕ್ರಾಂತಿ ರೆಕಾರ್ಡಿಲ್ಲದೆಯೇ ಕಳೆಯಿತು.

ಫೆಬ್ರವರಿ ಮೊದಲ ವಾರದಲ್ಲಿ ಪಾರ್ಸೆಲ್ ಬಂತು. ರಘೋತ್ತಮ ಅದನ್ನು ಬಿಚ್ಚದೆ, ಮರುದಿನ ಬೆಳಿಗ್ಗೆ ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಜುನಾ ಬಜಾರಿಗೆ ತಂದ. ಜೊತೆಗೆ ರಿಜಿಸ್ಟರು, ಒಂದು ಬ್ಲೇಡು, ಅಂಟಿನ ಬಾಟಲಿ. ಅಂಗಡಿಯ ನೆಲದ ಮೇಲೆ ಚಿಮುಕಿಸಿದ ನೀರು ಇನ್ನೂ ಆರಿರಲಿಲ್ಲ.

ಒಳಗೆ ಎರಡು ರೆಕಾರ್ಡು ಇದ್ದವು. ಒಂದು ಚಿಕ್ಕದು, ಬೋಳು ನಡುವಿನಲ್ಲಿ ಬಣ್ಣ ಕಳೆದುಕೊಂಡ ಗೋದಾವರಿಯ ಟಿಕಲಿ. ಇನ್ನೊಂದು ದೊಡ್ಡದು, ಹೊಸದು, ಅದರ ನಡುವೆ ಏನೂ ಅಚ್ಚಾಗದ ಬಿಳಿ ಕಾಗದ. ಜೊತೆಗಿದ್ದ ತುಂಡು ಕಾಗದದಲ್ಲಿ ಕಿಮ್ಮೊ ಬರೆದಿದ್ದ: ಇದು ಪರೀಕ್ಷೆಗೆ ತೆಗೆದ ಪ್ರತಿ. ಹೆಸರು ಬಂದ ಮೇಲೆ ಉಳಿದದ್ದು ಅಚ್ಚಾಗುತ್ತದೆ.

ಗುರುಲಿಂಗಪ್ಪ ಪ್ಲೇಯರು ಒರೆಸಿ ಇಟ್ಟ. ಮೊದಲು ಹಳೆಯದನ್ನು ಹಚ್ಚಿದರು. ತುಂಬ ಸವೆದಿತ್ತು, ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ ಸದ್ದು. ಪುರವಂತನ ಒಡಪು, ಸಂಬಾಳ, ಟಕ್, ಒಡಪು. ಚನ್ನಮ್ಮ ಒಂದು ಬದಿ ಮುಗಿಯುವವರೆಗೆ ಕಣ್ಣು ಮುಚ್ಚಿ ನಿಂತಿದ್ದಳು, ಮುಗಿದ ಮೇಲೆ ಮುಖ ಒರೆಸಿಕೊಂಡು, ಹೊಸದನ್ನು ಹಾಕಿ ಎಂದಳು.

ಹೊಸದರಲ್ಲಿ ಸಂಬಾಳ ಸ್ವಚ್ಛವಾಗಿ, ಎದೆಗೆ ಬಡಿಯುವ ಹಾಗೆ ಕೇಳಿಸಿತು. ಕೆಳಗೊಂದು ದಪ್ಪ ಸ್ವರ ಸೇರಿತ್ತು. ಟಕ್ ಎಂದಿತು, ಮತ್ತೆ ಮೊದಲಿಂದ. ಟಕ್. ಮತ್ತೆ. ಚನ್ನಮ್ಮ ರಘೋತ್ತಮನ ಕಡೆ ನೋಡಿದಳು. ನಾಲ್ಕನೆಯ ಟಕ್ ಬಿದ್ದ ಕೂಡಲೇ ಸಂಬಾಳ ನಿಂತಿತು, ಒಬ್ಬ ಹುಡುಗನ ಧ್ವನಿ ಫಿನ್ನಿಶ್ ಭಾಷೆಯಲ್ಲಿ ಪ್ರಾಸದ ಮೇಲೆ ಪ್ರಾಸವಿಟ್ಟು ಹೇಳತೊಡಗಿತು. ಅವನು ನಿಲ್ಲಿಸಿದ ಮೇಲೆ ಸಂಬಾಳ. ಟಕ್. ಮತ್ತೆ ಹುಡುಗ.

“ಏನ್ ಹೇಳಾಕತ್ಯಾನ?”

“ಗೊತ್ತಿಲ್ರಿ,” ಎಂದ ರಘೋತ್ತಮ.

“ಇರ್ಲಿ. ಹೇಳಾಕರ ಹತ್ಯಾನ,” ಎಂದಳು ಅವಳು. “ಟಕ್ ಅಂದ್ರ ಏನಂತ ಅವಗ ಯಾರ್ ಹೇಳಿದ್ರು?”

“ನಾ ಅದನ್ನ ಬರದಿಲ್ರಿ,” ಎಂದ ರಘೋತ್ತಮ. ಅವನು ಬ್ಲೇಡು ತೆಗೆದು ರಿಜಿಸ್ಟರು ಬಿಡಿಸಿದ. ಹಳೆಯ ಚೀಟಿಗಳನ್ನು ಕತ್ತರಿಸಿ, ಇದ್ದ ಜಾಗಕ್ಕೇ ಅಂಟಿಸಿಬಿಡೋಣ ಎಂದ. ಚನ್ನಮ್ಮ ರಿಜಿಸ್ಟರು ಮುಚ್ಚಿದಳು. ಅದರಲ್ಲಿ ಯಾರಯಾರದೋ ಹೆಸರಿದೆ, ಅದು ನಿಮ್ಮ ಪುಸ್ತಕದಲ್ಲೇ ಇರಲಿ ಎಂದಳು. ಪಾತ್ರೆಗಳ ಮೇಲೆ ತೂಕ ಬರೆಯುವ ಬಿಳಿ ಬಣ್ಣದ ಡಬ್ಬಿ, ಸಣ್ಣ ಕುಂಚವನ್ನು ಗುರುಲಿಂಗಪ್ಪ ಕೇಳದೆಯೇ ತಂದು ಮುಂದಿಟ್ಟ. ಅವಳು ಹಳೆಯ ರೆಕಾರ್ಡಿನ ಬೋಳು ನಡುವಿನಲ್ಲಿ, ಟಿಕಲಿಗೆ ತಾಗದಂತೆ, ‘ಭುಜಂಗ’ ಎಂದು ಬರೆದಳು. ಹೊಸದರ ಬಿಳಿ ಕಾಗದಕ್ಕೆ ರಘೋತ್ತಮನ ಪೆನ್ನು ಇಸಿದುಕೊಂಡು ‘ಸಂಬಾಳ: ಭುಜಂಗ, ಭಾಲ್ಕಿ’ ಎಂದು ಬರೆದು, ಇದನ್ನು ಅವನಿಗೆ ತಿರುಗಿ ಕಳಿಸಿ, ಹೀಗೇ ಅಚ್ಚು ಹಾಕಲಿ ಎಂದಳು.

ಅಲ್ಲಿಯ ಜನಕ್ಕೆ ಕನ್ನಡ ಓದಲು ಬರುವುದಿಲ್ಲ, ಕೆಳಗೆ ಇಂಗ್ಲಿಷಿನಲ್ಲೂ ಬರೆಯಲೇ ಎಂದು ರಘೋತ್ತಮ ಕೇಳಿದ.

“ಅವನ ಮಾತು ನಮಗ ತಿಳೀತೇನ್ರಿ? ಕೇಳಿದಿವಿಲ್ಲೋ? ಹಂಗ ಅವರೂ ನೋಡ್ಲಿ.” ತುಸು ತಡೆದು, “ಸಣ್ಣಾಗಿ ಬರೀರಿ ಬೇಕಾದ್ರ,” ಎಂದಳು.

ಅವನು ಸಣ್ಣಗೆ ಬರೆಯುತ್ತಿದ್ದಾಗ ಹೊರಗೆ ಯಾರೋ ಚಪ್ಪಲಿ ಕಳಚುವ ಸದ್ದಾಯಿತು. ಆ ದಿನದ ಮೊದಲ ಗಿರಾಕಿ. ಅವನ ಕಾಲು ಮೇಲಿನ ಮೆಟ್ಟಿಲು ಮುಟ್ಟುವ ಮೊದಲೇ ಗುರುಲಿಂಗಪ್ಪ ಬಣ್ಣ ಆರದ ರೆಕಾರ್ಡನ್ನು ಎರಡೂ ಅಂಗೈ ಮೇಲೆ ಎತ್ತಿಕೊಂಡು ಒಳಮನೆಗೆ ನಡೆದುಬಿಟ್ಟ.